ಅಪ್ಪನ 'ಅಂತ', ಇಸ್ತಾಂಬುಲದ ಗುಮ್ಮಟ

ನಮ್ಮಪ್ಪ ಗೋಳಗುಮ್ಮಟದ ಗೈಡು. ಐರ್ಲೆಂಡಿನ ಡ್ರೋಹೆಡಾದ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವವರು ಅಪ್ಪನ ಉದ್ಯೋಗವೇನೆಂದು ಕೇಳಿದರೆ ಈ ಮಾತನ್ನು ಸ್ವಲ್ಪ ಕತ್ತು ಎತ್ತಿಯೇ ಹೇಳುತ್ತೇನೆ. ನನಗೆ ಜಂಬ ಹೆಚ್ಚೆಂದು ಗಂಡ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಜಂಬಪಡಲು ಕಾರಣವಿರುವಾಗ ತಲೆ ತಗ್ಗಿಸಿಕೊಂಡು ಓಡಾಡುವುದು ನನಗೆ ಬರುವುದಿಲ್ಲ.

ಬಿಜಾಪುರದಲ್ಲಿ ಗೈಡುಗಳಿಗೆ ಬರವಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಗೆ ಮುಖ ಹಚ್ಚಿ ಇತಿಹಾಸ ಶುರು ಮಾಡುವವರಿದ್ದಾರೆ. ಗುಮ್ಮಟಕ್ಕೆ ಪ್ರೇಮಕಥೆ ಅಂಟಿಸುವವರು, ನೆಲದಡಿಯ ಸುರಂಗವನ್ನು ದಿಲ್ಲಿಯವರೆಗೆ ಎಳೆಯುವವರು, ಎಲ್ಲರೂ ಇದ್ದಾರೆ. ನಮ್ಮಪ್ಪ ಮಾತ್ರ ಒಂದು ನೇಮ ಇಟ್ಟುಕೊಂಡವರು. ಕಣ್ಣಾರೆ ಕಂಡದ್ದನ್ನು 'ಐತಿ' ಎನ್ನಬೇಕು, ಕಿವಿಯಲ್ಲಿ ಕೇಳಿದ್ದಕ್ಕೆ 'ಅಂತ' ಹಚ್ಚಬೇಕು. ಪುಸ್ತಕದ ಕನ್ನಡದಲ್ಲಿ ಅದು 'ಅಂತೆ', ನಮ್ಮ ಕಡೆಯವರ ಬಾಯಲ್ಲಿ 'ಅಂತ'. ಗುಮ್ಮಟದ ಒಳಗೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಗೋಡೆಯಲ್ಲಿ ಕೇಳುತ್ತದೆ. ಇದು ಅಪ್ಪ ದಿನಾ ಮಾಡಿ ತೋರಿಸುವ ಕೆಲಸ, ಇದಕ್ಕೆ 'ಅಂತ' ಬೇಡ. ಬಿಜಾಪುರದ ಸುಲ್ತಾನರ ಮೂಲಪುರುಷ ತುರ್ಕಿಯಿಂದ ತಪ್ಪಿಸಿಕೊಂಡು ಬಂದ ರಾಜಕುಮಾರ. ಇದನ್ನು ಕಂಡವರಿಲ್ಲ, ಆದ್ದರಿಂದ ಇದಕ್ಕೆ 'ಅಂತ' ಬೇಕೇ ಬೇಕು.

ಈ ನೇಮ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ನಾನು ಸಣ್ಣವಳಿದ್ದಾಗ ಅಪ್ಪನೂ ಉಳಿದವರ ಹಾಗೇ ಎದೆಯುಬ್ಬಿಸಿ ಹೇಳುತ್ತಿದ್ದರು: "ಇಸ್ತಾಂಬುಲದಾಗ ಆಯಾ ಸೋಫಿಯಾ ಅನ್ನೂ ಭಾಳ ಹಳೇ ಗುಮ್ಮಟ ಐತಿ. ಚಕ್ರವರ್ತಿ ಕಟ್ಟಿಸಿದ್ದು. ಅದಕ್ಕಿಂತ ನಮ್ಮ ಗುಮ್ಮಟ ದೊಡ್ಡದು!" ಒಂದು ದಿನ ಶಾಲೆಯ ಪ್ರವಾಸಕ್ಕೆ ಬಂದಿದ್ದ ಟೀಚರೊಬ್ಬರು, ಕುಚೋದ್ಯವಿಲ್ಲದೆ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು: "ನೀವು ಅದನ್ನ ನೋಡೀರೇನ್ರಿ?" ಅಪ್ಪ ಇಲ್ಲವೆಂದು ಒಪ್ಪಿಕೊಂಡರು. ಮಾರನೆಯ ದಿನದಿಂದ ಆ ವಾಕ್ಯದ ಬಾಲಕ್ಕೆ 'ಅಂತ' ಬಂದು ಕೂತಿತು. "ಅದಕ್ಕಿಂತ ನಮ್ಮದು ದೊಡ್ಡದಂತ." ಉಳಿದ ಗೈಡುಗಳು ನಕ್ಕರು. 'ಅಂತ' ಹಚ್ಚಿ ಹೇಳಿದರೆ ಯಾರು ಕೇಳುತ್ತಾರೆ, ಜನ ಬರುವುದೇ ದೊಡ್ಡದೆಂದು ಕೇಳುವುದಕ್ಕೆ, ಎಂದರು. ಅಪ್ಪ ಬದಲಿಸಲಿಲ್ಲ. ಆದರೆ ಆ ಅಕ್ಷರಗಳು ಅವರ ಗಂಟಲಿಗೆ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿದ್ದವು. ನನಗೆ ಗೊತ್ತಿತ್ತು, ಏಕೆಂದರೆ ಆ ವಾಕ್ಯ ಬಂದಾಗೆಲ್ಲ ಅವರ ದನಿ ಒಂದು ಮೆಟ್ಟಿಲು ಇಳಿಯುತ್ತಿತ್ತು.

ಗುಮ್ಮಟದ ಒಳಗೆ, ಪಿಸುಮಾತು ಕೇಳುವ ಆ ಮೇಲಿನ ಗ್ಯಾಲರಿಯಲ್ಲಿ ನನಗೂ ಒಂದು ಕೆಲಸವಿತ್ತು. ರಜೆಯ ದಿನ ಅಪ್ಪನ ಜೊತೆ ಮೇಲೆ ಹತ್ತಿ, ಸುತ್ತು ಹಾಕಿ, ಗುಮ್ಮಟದ ಎದುರು ಬದಿಯಲ್ಲಿ ಕಟಕಟೆಗೆ ಸೊಂಟ ಆನಿಸಿ ನಿಲ್ಲಬೇಕು. ಈ ಬದಿಯಲ್ಲಿ ಅಪ್ಪ ಪ್ರವಾಸಿಗರನ್ನು ಸಾಲಾಗಿ ನಿಲ್ಲಿಸಿ ಹೇಳುವರು: "ಬಲಗೈ ಉದ್ದಕ ಚಾಚ್ರಿ. ಹೆಬ್ಬಟ್ಟು ಎತ್ರಿ. ಒಂದು ಕಣ್ಣು ಮುಚ್ಚಿ ಆ ಹುಡಿಗಿ ಮ್ಯಾಲೆ ಉಗುರು ಇಡ್ರಿ. ಹುಡಿಗಿ ಎಲ್ಲಿ ಹೋದಳು?" ಸೊಂಟದಿಂದ ನೆತ್ತಿಯವರೆಗೆ ನಾನು ಒಂದು ಉಗುರಿನ ಹಿಂದೆ ಮಾಯ. ಜನ ಓಹೋ ಎನ್ನುವರು. ಗುಮ್ಮಟ ಎಷ್ಟು ಅಗಲವೆಂದು ಅಂಕಿ ಹೇಳಿದರೆ ಮರೆಯುತ್ತಾರೆ, ಮಗಳು ಮಾಯವಾದದ್ದನ್ನು ಮರೆಯುವುದಿಲ್ಲ, ಎಂಬುದು ಅಪ್ಪನ ಲೆಕ್ಕ. ನಾನು ಬೆಳೆದೆ, ಮದುವೆಯಾದೆ, ಐರ್ಲೆಂಡಿಗೆ ಹೊರಡುವ ಮುನ್ನ ಕೊನೆಯ ಸಲ ಹತ್ತಿ ನಿಂತಾಗಲೂ ಅಪ್ಪ ಉಗುರು ಎತ್ತಿ ನೋಡಿ, ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದರು: "ಈಗೂ ಮಾಯ ಆಗ್ತಿ. ಆದ್ರ ಕಟಾಕಟಿ." ಅಂದರೆ ಉಗುರಿನ ತುದಿಗೂ ನೆತ್ತಿಗೂ ಕೂದಲಿನಷ್ಟು ಜಾಗವೂ ಉಳಿದಿರಲಿಲ್ಲ.

ಕಳೆದ ವರ್ಷ ಅಪ್ಪ ನಮ್ಮಲ್ಲಿಗೆ ಬಂದರು. ಡ್ರೋಹೆಡಾ ಅವರಿಗೆ ಹಿಡಿಸಿತು. ಹಳೆಯ ಕೋಟೆಬಾಗಿಲು, ನದಿ, ಇಳಿಜಾರಿನ ಬೀದಿಗಳು. ಆದರೆ ಮಾತಿಲ್ಲ. ದಿನವಿಡೀ ಮಾತಾಡಿಯೇ ಬದುಕಿದ ಮನುಷ್ಯ ಬಿಳಿ ಟೋಪಿ, ಮಫ್ಲರು ಸುತ್ತಿಕೊಂಡು ಸೋಫಾದ ಮೂಲೆಯಲ್ಲಿ ಕೂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಅಪ್ಪಟ ಡ್ರೋಹೆಡಾ ರಾಗದಲ್ಲಿ. ಅಜ್ಜ ಏನು ತೋರಿಸಿದರೂ ಅವಳದು ಒಂದೇ ತೀರ್ಪು: "ಇಟ್ಸ್ ಗ್ರ್ಯಾಂಡ್, ಅಜ್ಜಾ." ಅಪ್ಪ ಮೊದಲ ವಾರವೆಲ್ಲ ಹಿಗ್ಗಿದರು. ಇಲ್ಲಿ 'ಗ್ರ್ಯಾಂಡ್' ಎಂದರೆ 'ಪರವಾಗಿಲ್ಲ' ಎಂದಷ್ಟೇ ಅರ್ಥವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಅವರ ಮಾತು ಮರಳಿದ್ದು ಪಕ್ಕದ ಮನೆಯ ಅಜ್ಜಿಯಿಂದ. ಆಕೆಯ ಕಿಟಕಿಯಲ್ಲಿ ಊರಿನ ಫುಟ್‌ಬಾಲ್ ತಂಡದ ಬಾವುಟ ತೂಗುತ್ತದೆ, ಅದರಲ್ಲಿ ಅರ್ಧಚಂದ್ರ ಮತ್ತು ನಕ್ಷತ್ರ. ಅಪ್ಪ ಅದರ ಮುಂದೆ ನಿಂತೇ ಬಿಟ್ಟರು. ಅರ್ಧಚಂದ್ರವೆಂದರೆ ಬಿಜಾಪುರದ ಗುಮ್ಮಟಗಳ ಶಿಖರ. ಅದು ಇಲ್ಲಿಗೆ ಹೇಗೆ ಬಂತು? ಅಜ್ಜಿ ಬಾಗಿಲು ತೆರೆದು ಒಳಕರೆದರು. ನನ್ನ ಮಗಳು ನಡುವೆ ಕೂತು ಎರಡೂ ಕಡೆಗೆ ಮಾತು ಸಾಗಿಸಿದಳು. ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡ್ ಹಸಿದಾಗ ತುರ್ಕಿಯ ಸುಲ್ತಾನ ಧಾನ್ಯ ತುಂಬಿದ ಹಡಗುಗಳನ್ನು ಕಳಿಸಿದ, ಅವು ಇದೇ ಬಾಯ್ನ್ ನದಿಯಲ್ಲಿ ಬಂದು ನಿಂತವು, ಬಾವುಟದ ಚಂದ್ರ ಆ ಉಪಕಾರದ ನೆನಪು, ಎಂದು ಅಜ್ಜಿ ಹೇಳಿದರು. ಹೇಳುವಾಗ ಆಕೆ ಕುರ್ಚಿಯಲ್ಲಿ ನೆಟ್ಟಗಾದದ್ದನ್ನು ಅಪ್ಪ ಗಮನಿಸಿದರು. ಒಬ್ಬ ಗೈಡಿಗೆ ಇನ್ನೊಬ್ಬ ಗೈಡು ಗೊತ್ತಾಗದೆ ಇರುವುದಿಲ್ಲ. ಆಮೇಲೆ ಅವರೂ ತಮ್ಮ ಗುಮ್ಮಟ ಬಿಚ್ಚಿದರು. ಪಿಸುಮಾತು, ಪ್ರತಿಧ್ವನಿ, ಉಗುರು, ಎಲ್ಲವೂ ಬಂತು. ಕೊನೆಗೆ ಇಸ್ತಾಂಬುಲದ ವಾಕ್ಯ ಬಂತು, ದನಿ ಒಂದು ಮೆಟ್ಟಿಲು ಇಳಿಯಿತು. "ಅದಕ್ಕಿಂತ ನಮ್ಮದು ದೊಡ್ಡದಂತ."

ಆ ಸಂಜೆ ಅಡುಗೆಮನೆಯಲ್ಲಿ ನನ್ನ ಗಂಡ ಫೋನು ತೆಗೆದ. ಅವನು ಬೆಂಗಳೂರಿನವನು, ದಿನವಿಡೀ ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಂದವನಿಗೆ ಎಲ್ಲ ಪ್ರಶ್ನೆಗೂ ಫೋನೇ ಉತ್ತರ.

"ಮಾವ, ಇಲ್ನೋಡಿ, ಇಲ್ಲೇ ಐತೆ. ನಮ್ದೇ ದೊಡ್ದು. ಇನ್ನೇನ್ ಯೋಚ್ನೆ ಬಿಡಿ."

ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಫೋನು ವಾಪಸು ಕೊಟ್ಟರು.

"ಫೋನ್ ನೋಡೇತೇನು?"

"ಅಂದ್ರೆ?"

"ಅದೂ ಯಾರೋ ಹೇಳಿದ್ದನ್ನ ಹೇಳಾಕತ್ತೈತಿ. ಅದಕ್ಕೂ 'ಅಂತ' ಹಚ್ಚಬೇಕು."

ಗಂಡ ನಗುತ್ತಾ ಸೋಲೊಪ್ಪಿದ. ನನಗೆ ನಗು ಬರಲಿಲ್ಲ. ಊರಿಗೆ ಮರಳಿದ ಮೇಲೆ ಅಪ್ಪ ಮತ್ತೆ ಆ ಗ್ಯಾಲರಿ ಹತ್ತುತ್ತಾರೆ, ಮೊಣಕಾಲು ಇರುವವರೆಗೆ ಹತ್ತುತ್ತಾರೆ, ಮತ್ತೆ ಅದೇ ವಾಕ್ಯಕ್ಕೆ ದನಿ ಇಳಿಸುತ್ತಾರೆ. ಡಬ್ಲಿನ್ನಿನಿಂದ ಇಸ್ತಾಂಬುಲಕ್ಕೆ ನೇರ ವಿಮಾನವಿದೆ. ಅಕ್ಟೋಬರಿನಲ್ಲಿ ಮಗಳಿಗೆ ಮಿಡ್‌ಟರ್ಮ್ ರಜೆ. "ಹೋಗೂಣು ಅಪ್ಪಾ, ನೋಡೇ ಬಿಡೂಣು," ಎಂದೆ. ಅಪ್ಪ ಬೇಡವೆನ್ನಲಿಲ್ಲ. ಆದರೆ ಮಫ್ಲರು ಮಡಿಸುತ್ತಾ ಕೇಳಿದರು: "ನೋಡಿದ ಮ್ಯಾಲೆ ಅದ ದೊಡ್ಡದಾದ್ರ?" ನಾನು ಟಿಕೆಟ್ಟು ತೆಗೆದೇ ಬಿಟ್ಟೆ.

ಗಂಡನಿಗೆ ರಜೆ ಸಿಗಲಿಲ್ಲ. ಹೊರಡುವಾಗ ಅವನು ಅಪ್ಪನಿಗೆ ಸಲಹೆ ಕೊಟ್ಟ: "ಮಾವ, ಅಲ್ಲಿ ತೋಪ್‌ಕಾಪಿ ಅಂತ ಇದೆ. ಮಿಸ್ ಮಾಡ್ಕೋಬೇಡಿ, ತುಂಬ ಫೇಮಸ್ಸು." ಅಪ್ಪ ವಿಮಾನದಲ್ಲಿ ನನ್ನ ಕಿವಿಯ ಬಳಿ ಬಾಗಿ, "ಅಳಿಯಂದ್ರು ಬೇಜಾರ ಮಾಡ್ಕೋಬಾರದು, ಆದ್ರ ನಾ ಕಾಪಿ ಕುಡ್ಯಾಂಗಿಲ್ಲ ನೋಡವಾ. ಅಲ್ಲಿ ಚಾ ಸಿಗತೈತೇನು?" ಎಂದರು. ಅದು ಅರಮನೆಯ ಹೆಸರೆಂದು ಹೇಳಿದಾಗ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಇಸ್ತಾಂಬುಲ ಅಪ್ಪನಿಗೆ ಪರ ಊರು ಅನ್ನಿಸಲೇ ಇಲ್ಲ. ಡ್ರೋಹೆಡಾದಲ್ಲಿ ಎದುರಾದವರು ಹವೆಯ ಬಗ್ಗೆ ಒಂದು ಮಾತಾಡಿ ಮುಂದೆ ಹೋಗುತ್ತಾರೆ. ಇಲ್ಲಿ ಅಂಗಡಿಯವರು ಕೈಹಿಡಿದು ಕೂರಿಸುತ್ತಾರೆ. ನಡು ಸಣ್ಣಗಿದ್ದ ಗಾಜಿನ ಲೋಟದಲ್ಲಿ ಚಹಾ ಬಂತು, ಹಾಲಿಲ್ಲ. ಅಪ್ಪ ಲೋಟವನ್ನು ಬೆಳಕಿಗೆ ಹಿಡಿದು, "ಕಟ್ ಚಾ ಐತಿ, ಹಾಲು ಹಾಕೂದ ಮರತಾರ," ಎಂದು ಸಕ್ಕರೆ ಸುರಿದುಕೊಂಡು ಕುಡಿದರು. ಬೀದಿಯ ಗಾಡಿಯಲ್ಲಿ ಎಳ್ಳು ಮೆತ್ತಿದ ಉಂಗುರದಂಥ ಬ್ರೆಡ್ಡು ಮಾರುತ್ತಿದ್ದರು, ಅದರ ಹೆಸರು ಸಿಮಿತ್. ಒಂದು ತುಂಡು ಬಾಯಿಗೆ ಹಾಕಿಕೊಂಡ ಅಪ್ಪನಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ನೆನಪಾಯಿತು. ನನಗೂ ಆಯಿತು. ಮಗಳಿಗೆ ಬೆಕ್ಕುಗಳಿದ್ದರೆ ಸಾಕಿತ್ತು. ಮಸೀದಿಯ ಮೆಟ್ಟಿಲು, ಅಂಗಡಿಯ ಗಲ್ಲಾಪೆಟ್ಟಿಗೆ, ಟ್ರಾಮ್ ನಿಲ್ದಾಣದ ಬೆಂಚು, ಎಲ್ಲಿ ನೋಡಿದರೂ ಮಲಗಿರುತ್ತಿದ್ದವು, ಅವಳು ಎಲ್ಲವನ್ನೂ ಮಾತಾಡಿಸಿದಳು.

ಮಸಾಲೆ ಬಜಾರಿನಲ್ಲಿ ಅಂಗಡಿಯವನೊಬ್ಬ ಒಣದ್ರಾಕ್ಷಿಯನ್ನು ಅಂಗೈಗೆ ಸುರಿದು, ಪ್ರಪಂಚದಲ್ಲೇ ಇದಕ್ಕೆ ಸಾಟಿಯಿಲ್ಲವೆಂದು ಇಂಗ್ಲಿಷಿನಲ್ಲಿ ಸಾರಿದ. ಅಪ್ಪ ತಿಂದರು, ತಲೆಯಾಡಿಸಿ ಮೆಚ್ಚಿದರು, ಆಮೇಲೆ ಕೋಟಿನ ಜೇಬಿಗೆ ಕೈಹಾಕಿ ಊರಿನಿಂದ ತಂದಿದ್ದ ಸಣ್ಣ ಪೊಟ್ಟಣ ಬಿಚ್ಚಿದರು. ಬಿಜಾಪುರದ ದ್ರಾಕ್ಷಿ. ಡ್ರೋಹೆಡಾದವರೆಗೆ ಬಂದು, ಅಲ್ಲಿಂದ ಇಸ್ತಾಂಬುಲಕ್ಕೂ ಬಂದಿತ್ತು. ಅಂಗಡಿಯವನು ಒಂದು ಬಾಯಿಗೆ ಹಾಕಿದ, ಇನ್ನೊಂದು ಹಾಕಿದ, ಪಕ್ಕದಂಗಡಿಯವನನ್ನು ಕೂಗಿ ಕರೆದು ಅವನ ಬಾಯಿಗೂ ಹಾಕಿದ. ಇಬ್ಬರೂ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅರ್ಥವಾಗಲಿಲ್ಲ, ಆದರೆ ಬೆನ್ನು ತಟ್ಟಿದ್ದು ಅರ್ಥವಾಯಿತು. ಅವನ ದ್ರಾಕ್ಷಿಯನ್ನೂ ನಾವು ಒಂದು ಚೀಲ ಕೊಂಡೆವು, ಇಲ್ಲದಿದ್ದರೆ ಅದು ಮರ್ಯಾದೆಯಲ್ಲವೆಂದು ಅಪ್ಪನ ಹಟ.

ತೋಪ್‌ಕಾಪಿಯ ಬಾಗಿಲಲ್ಲಿ ಇನ್ನೊಂದು ಹಬ್ಬ. ಸಾಲಿನಲ್ಲಿ ನಮ್ಮ ಮುಂದಿದ್ದ ತುರ್ಕಿ ಹುಡುಗಿಯೊಬ್ಬಳು ನನ್ನ ಮಗಳಿಗೆ ಹೆಸರಿನ ಅರ್ಥ ಬಿಡಿಸಿ ಹೇಳಿದಳು: ಕಾಪಿ ಎಂದರೆ ಬಾಗಿಲು, ತೋಪ್ ಎಂದರೆ ಫಿರಂಗಿ. ಮಗಳು ಅದನ್ನು ಅಜ್ಜನಿಗೆ ದಾಟಿಸುತ್ತಿದ್ದಂತೆ ಅಪ್ಪ ಸಾಲು ಬಿಟ್ಟು ಹೊರಗೆ ಬಂದುಬಿಟ್ಟರು.

"ತೋಪ್ ಅಂದ್ರ ನಮ್ಮ ತೋಪ! ಯವ್ವಾ, ಕೇಳಿದಿ? ಬಿಜಾಪುರದ ಕೋಟಿ ಮ್ಯಾಲೆ ಐತಲ್ಲ, ಮುಲಕ್ ಮೈದಾನ ತೋಪು, ಆ ತೋಪು! ಇವರೂ ತೋಪ್ ಅಂತಾರ, ನಾವೂ ತೋಪ್ ಅಂತೇವಿ!"

ಆ ಹುಡುಗಿಗೆ ಅಪ್ಪನ ಕನ್ನಡದಲ್ಲಿ ಆ ಒಂದು ಪದ ಮಾತ್ರ ತಿಳಿಯಿತು, ಅದಕ್ಕೇ ಅವಳೂ ಕುಣಿದಳು. ಇಬ್ಬರೂ ಒಬ್ಬರಿಗೊಬ್ಬರು "ತೋಪ್! ತೋಪ್!" ಎಂದುಕೊಂಡರು. ಕಾವಲಿನವನು ಬಂದು ಏನಾಯಿತೆಂದು ವಿಚಾರಿಸಿದ. ಫಿರಂಗಿ ಎಂದು ಕೂಗುವವರನ್ನು ಕಾವಲಿನವರು ವಿಚಾರಿಸದೆ ಇನ್ನೇನು ಮಾಡಿಯಾರು!

ಇಷ್ಟೆಲ್ಲ ಸಂತೋಷದ ನಡುವೆ ಅಪ್ಪ ಆಯಾ ಸೋಫಿಯಾದ ಕಡೆಗೆ ಮುಖ ಮಾಡಿರಲಿಲ್ಲ. ಅದು ದಾರಿಯಲ್ಲೇ ಇತ್ತು, ತಪ್ಪಿಸಲಾಗದಷ್ಟು ದೊಡ್ಡದಾಗಿ ಇತ್ತು. ದಾಟುವಾಗೆಲ್ಲ ಅವರು ಎದುರಿನ ಕಾರಂಜಿ ನೋಡುವರು, ಇಲ್ಲವೇ ಮೊಮ್ಮಗಳ ಬೆಕ್ಕು ನೋಡುವರು. ಕೊನೆಯ ದಿನ ಬೆಳಿಗ್ಗೆ ಮಾತ್ರ ಟೋಪಿಯನ್ನು ಸರಿಮಾಡಿಕೊಂಡು, "ನಡೀರಿ," ಎಂದರು.

ಪ್ರವಾಸಿಗರನ್ನು ಮೇಲಿನ ಗ್ಯಾಲರಿಗೆ ಬಿಡುತ್ತಾರೆ. ಮೆಟ್ಟಿಲುಗಳಿಲ್ಲ, ಸುತ್ತಿ ಸುತ್ತಿ ಏರುವ ಕಲ್ಲಿನ ಇಳಿಜಾರು. ಗೋಳಗುಮ್ಮಟದ ಕಡಿದಾದ ಸುರುಳಿ ಮೆಟ್ಟಿಲಿಗೆ ಮೊಣಕಾಲು ಕೊಟ್ಟವರಿಗೆ ಇದೊಂದು ಸುಖ. ಮೇಲೆ ಬಂದು ಕಂಬಗಳ ನಡುವಿನಿಂದ ಅಪ್ಪ ತಲೆಯೆತ್ತಿದರು. ನಾನೂ ಎತ್ತಿದೆ. ಬಂಗಾರದ ಬಣ್ಣ, ಅದರ ಕೆಳಗೆ ಕಿಟಕಿಗಳ ಸಾಲು, ಆ ಬೆಳಕಿನ ಮೇಲೆ ಗುಮ್ಮಟ. ಎರಡೂ ಕಡೆಗೆ ಅರ್ಧ ಗುಮ್ಮಟಗಳು ಹರಡಿಕೊಂಡು ಒಳಗು ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತಿತ್ತು. ಇದು ದೊಡ್ಡದು. ನನಗೆ ಹಾಗೇ ಕಂಡಿತು.

ಅಪ್ಪ ಮೊಮ್ಮಗಳನ್ನು ಕೇಳಿದರು: "ಹೆಂಗೈತಿ?"

"ಇಟ್ಸ್ ಗ್ರ್ಯಾಂಡ್, ಅಜ್ಜಾ."

ಪಾಪ, ಅವಳು ಪರವಾಗಿಲ್ಲ ಎಂದದ್ದು. ಅಪ್ಪನಿಗೆ ಮಹಾಭವ್ಯ ಎಂದು ಕೇಳಿಸಿತು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೆಲ್ಲಗೆ, "ಯವ್ವಾ, ಇದ ದೊಡ್ಡದೈತಿ ನೋಡು," ಎಂದರು. 'ಅಂತ' ಇಲ್ಲದೆ ಎಂದರು. ಕಣ್ಣಾರೆ ಕಂಡದ್ದಲ್ಲವೇ. ಊರಿಗೆ ಹೋಗಿ ಅವರು ಇದನ್ನೇ ಹೇಳುತ್ತಾರೆ, ಆ ವಾಕ್ಯವನ್ನು ತಿರುವಿ ಹಾಕಿ ಎಲ್ಲರ ಮುಂದೆ ಹೇಳುತ್ತಾರೆ, ಸುಳ್ಳು ಹೇಳುವ ಜಾತಿಯಲ್ಲ ಅವರದು. ನನಗೆ ಅಳು ಬರುವ ಬದಲು ಸಿಟ್ಟು ಬಂತು. ನನ್ನ ಮೇಲೆ ಬಂತು, ಟಿಕೆಟ್ಟು ತೆಗೆದವಳು ನಾನೇ. ಆ ಅರ್ಧ ಗುಮ್ಮಟಗಳ ಮೇಲೂ ಬಂತು.

ಸಿಟ್ಟಿನಲ್ಲೇ ನನಗೆ ಹೊಳೆದದ್ದು. ಅಪ್ಪ ಯಾವತ್ತಾದರೂ ಗುಮ್ಮಟವನ್ನು ತಲೆಯೆತ್ತಿ ಅಳೆದವರೇ?

"ಅಪ್ಪಾ, ಈ ಕಟಕಟಿ ಇರೋದು ಗುಮ್ಮಟದ ಅಂಚಿನ ಕೆಳಗ ಹೌದಿಲ್ಲೋ?"

ಅಪ್ಪ ಬಾಗಿ ನೋಡಿದರು, ಮೇಲೆ ನೋಡಿದರು, ಮತ್ತೆ ಕೆಳಗೆ ನೋಡಿದರು. "ಹೌದು. ಅಂಚು ನೆಟ್ಟಗ ಇಲ್ಲೇ ಕುಂತೈತಿ. ಎದರಿಗೂ ಹಂಗ."

"ಹಂಗಿದ್ರ ನೀವು ಇಲ್ಲೇ ನಿಂದರ್ರಿ. ನಾ ಎದರಿಗೆ ಹೋಗ್ತೇನಿ."

ಅವರಿಗೆ ಅರ್ಥವಾದದ್ದು ಮುಖದಲ್ಲಿ ಕಂಡಿತು. ಮಗಳನ್ನು ಅವರ ಬಳಿ ಬಿಟ್ಟು ನಾನು ಹೊರಟೆ. ಜನರ ನಡುವೆ ನುಸುಳಿಕೊಂಡು, ಅಮೃತಶಿಲೆಯ ನೆಲದ ಮೇಲೆ ಜಾರದ ಹಾಗೆ, ಪಡುವಣದ ಮೊಗಸಾಲೆ ಬಳಸಿ ಆಚೆ ಬದಿ ತಲುಪಿದೆ. ಅಪ್ಪನ ನೇರಕ್ಕೆ ಬಂದು ಕಟಕಟೆಗೆ ಸೊಂಟ ಆನಿಸಿ ನಿಂತೆ. ಎಷ್ಟೋ ವರ್ಷಗಳ ಮೇಲೆ ನಿಂತರೂ ನಿಲ್ಲುವ ರೀತಿ ಮೈಗೆ ಗೊತ್ತಿತ್ತು: ಕೈ ಕೆಳಗೆ, ಗದ್ದ ನೇರ, ಅಲುಗಾಡಬಾರದು. ಎದುರಿಗೆ, ಆ ಎಲ್ಲ ಗಾಳಿಯ ಆಚೆ, ಅಪ್ಪ ಬಲಗೈ ಉದ್ದಕ್ಕೆ ಚಾಚಿ ಹೆಬ್ಬೆರಳು ಎತ್ತಿದರು.

ನನ್ನ ಪಕ್ಕದಲ್ಲಿ ಒಂದು ಪ್ರವಾಸಿ ತಂಡ ನಿಂತಿತ್ತು. ಎದುರಿನ ಹಿರಿಯರು ತಮಗೆ ಶಹಬ್ಬಾಸ್ ಹೇಳುತ್ತಿದ್ದಾರೆಂದು ಅವರು ತಿಳಿದರು. ಒಬ್ಬ ಹಿರಿಯ ಎರಡೂ ಹೆಬ್ಬೆರಳು ಎತ್ತಿ ತೋರಿಸಿದ. ಆಮೇಲೆ ಅವನ ಹೆಂಡತಿ, ಆಮೇಲೆ ಇಡೀ ತಂಡ. ಎಲ್ಲರೂ ನಗುತ್ತಾ ಹೆಬ್ಬೆರಳು ಎತ್ತಿ ನನ್ನನ್ನು ಒತ್ತಿಕೊಂಡು ನಿಂತರು. ಅಪ್ಪ ಎಡಗೈಯಿಂದ ಸರಿಯಿರಿ, ಸರಿಯಿರಿ ಎಂದು ಬೀಸಿದರೆ ಅವರು ಟಾಟಾ ಎಂದುಕೊಂಡು ಇನ್ನೂ ಜೋರಾಗಿ ಕೈಬೀಸಿದರು. ನಾನು ನಗಬಾರದು, ಅಲುಗಾಡಬಾರದು. ತುಟಿ ಕಚ್ಚಿಕೊಂಡು ಕಂಬದ ಹಾಗೆ ನಿಂತೆ. ಅಪ್ಪ ಒಂದು ಕಣ್ಣು ಮುಚ್ಚಿದರು. ಬೆರಳು ಇಳಿಸಿದರು, ಮತ್ತೆ ಎತ್ತಿದರು. ಇನ್ನೊಂದು ಕಣ್ಣಿನಿಂದ ನೋಡಿದರು. ಮೊಮ್ಮಗಳಿಗೂ ಕೈ ಚಾಚಿಸಿ ನೋಡಿಸಿದರು. ಆಮೇಲೆ, ಅಭ್ಯಾಸಬಲ ನೋಡಿ, ಪಕ್ಕದ ಕಂಬಕ್ಕೆ ಬಾಯಿಟ್ಟು ಏನೋ ಪಿಸುಗುಟ್ಟಿದರು. ಇದು ಗೋಳಗುಮ್ಮಟವಲ್ಲ. ನನಗೇನೂ ಕೇಳಿಸಲಿಲ್ಲ.

ಅವರು ಸುತ್ತಿ ಬಳಸಿ ನನ್ನ ಬಳಿ ಬರುವವರೆಗೂ ನಾನು ಕಟಕಟೆ ಹಿಡಿದೇ ಇದ್ದೆ. ಟೋಪಿ ತಲೆಯ ಮೇಲೆ ಮರಳಿತ್ತು. ಅದನ್ನು ನೋಡಿಯೇ ನನಗೆ ಗೊತ್ತಾಗಬೇಕಿತ್ತು.

"ಏನಂದ್ರಿ ಕಂಬಕ್ಕ?"

"ನೀ ಮಾಯ ಆಗಲಿಲ್ಲ ಅಂದೆ." ಅಪ್ಪನ ಕಣ್ಣುಗಳು ತುಂಬಿದ್ದವು. "ಉಗುರು ಸಾಲಲಿಲ್ಲ, ಯವ್ವಾ. ಅಲ್ಲಿ ಪೂರಾ ಅಡಗತಿದ್ದಿ. ಇಲ್ಲಿ ಹಣಿ, ತುರುಬು ಎಲ್ಲಾ ಉಗುರಿನ ಮ್ಯಾಲೆ ಬಂತು. ನೀ ನನಗ ಹತ್ತರ ಅದಿ. ಇಲ್ಲೀ ಅಗಲ ಕಡಿಮಿ ಐತಿ." ಆಮೇಲೆ ಒಂದು ಉಸಿರು ತೆಗೆದುಕೊಂಡು, ಮೆಟ್ಟಿಲು ಇಳಿಯದ ದನಿಯಲ್ಲಿ ಹೇಳಿದರು: "ನಮ್ಮದು ದೊಡ್ಡದು."

ಅಷ್ಟು ಹೆಮ್ಮೆ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಗಂಡ ಓದಿದರೆ ಓದಲಿ. ಆ ಗುಮ್ಮಟ ಕಟ್ಟಿದವರ ಬಗ್ಗೆ ನನಗೆ ಹೆಮ್ಮೆ, ಅದನ್ನು ನಂಬಿಯೂ ನೋಡುವವರೆಗೆ ಬಾಯಿ ಬಿಗಿಹಿಡಿದ ಮನುಷ್ಯನ ಬಗ್ಗೆ ಇನ್ನೂ ಹೆಮ್ಮೆ. ಅವರ ಕೈಯಲ್ಲಿ ಮಾಯವಾಗುತ್ತಿದ್ದ ಹುಡುಗಿ ನಾನೇ, ಅಳತೆಗೋಲೂ ನಾನೇ, ಅದರ ಬಗ್ಗೆಯೂ ಹೆಮ್ಮೆ.

ಗೆದ್ದ ಮೇಲೆ ಅಪ್ಪ ಜಂಬ ಕೊಚ್ಚಲಿಲ್ಲ, ಆ ಗುಣ ನನಗೆ ಬಂದದ್ದು ಅವ್ವನ ಕಡೆಯಿಂದ. ಅವರು ಅಲ್ಲೇ ನಿಂತು ನಮ್ಮಿಬ್ಬರಿಗೂ ಗೈಡಾದರು. ಎರಡೂ ಕಡೆಗೆ ಅರ್ಧ ಗುಮ್ಮಟ ಹಚ್ಚಿ ಕಟ್ಟಿದವರು ಜಾಗವನ್ನು ಹೇಗೆ ಉದ್ದಕ್ಕೆ ಎಳೆದಿದ್ದಾರೆ, ಕಣ್ಣು ಅದಕ್ಕೇ ಹೇಗೆ ಮೋಸ ಹೋಗುತ್ತದೆ, ಬಿಜಾಪುರದಲ್ಲಿ ನಾಲ್ಕು ಗೋಡೆಯ ಮೇಲೆ ಒಂದೇ ಗುಮ್ಮಟ ಹೇಗೆ ಕೂತಿದೆ, ಎಂದು ಬಿಡಿಸಿ ಹೇಳಿದರು. "ಇದು ನಮಗಿಂತ ಎಷ್ಟೋ ಹಳೇದು. ವಯಸ್ಸಿನಾಗ ಇದು ನಮ್ಮ ಗುಮ್ಮಟಕ್ಕ ಮುತ್ತಜ್ಜ," ಎಂದು ಕಂಬವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹೆಬ್ಬೆರಳಿನ ತಂಡದವರು ಇನ್ನೂ ಅಲ್ಲೇ ಇದ್ದರು. ಈ ಸಲ ಅಪ್ಪ ಅವರಿಗೆ ನಿಜವಾಗಿಯೂ ಹೆಬ್ಬೆರಳು ಎತ್ತಿ ತೋರಿಸಿದರು.

ಡ್ರೋಹೆಡಾಕ್ಕೆ ಮರಳಿದ ಮೇಲೆ, ಅಪ್ಪ ಊರಿಗೆ ಹೊರಡುವ ಮೊದಲ ಭಾನುವಾರ, ಸಕ್ಕರೆ ಪುಡಿ ಮೆತ್ತಿದ ತುರ್ಕಿ ಮಿಠಾಯಿಯ ಡಬ್ಬಿ ಹಿಡಿದು ಪಕ್ಕದ ಮನೆಗೆ ಹೋದೆವು. ಅಜ್ಜಿ ಹಾಲು ಹಾಕಿದ ಚಹಾ ಮಾಡಿದರು, ಅಪ್ಪ ಲೋಟಕ್ಕೆ ನಮಸ್ಕಾರ ಮಾಡುವುದೊಂದು ಬಾಕಿ. ಮಾತು ಮತ್ತೆ ಸುಲ್ತಾನನ ಹಡಗುಗಳ ಕಡೆಗೆ ಹೊರಳಿತು. ಅವು ಬಂದವು, ಇದೇ ನದಿಯಲ್ಲಿ ಬಂದವು, ಎಂದು ಅಜ್ಜಿ ಮೇಜು ತಟ್ಟಿ ಹೇಳಿದರು. ಅಪ್ಪ ಮೊಮ್ಮಗಳ ಕಡೆ ತಿರುಗಿದರು.

"ಕೇಳವಾ, ಅವರು ನೋಡ್ಯಾರೇನು?"

ಮಗಳು ಕೇಳಿದಳು. ಅಜ್ಜಿ ನಕ್ಕು, ತನಗೇನು ಅಷ್ಟು ವಯಸ್ಸಾಗಿ ಕಾಣುತ್ತದೆಯೇ, ತನ್ನ ಅಜ್ಜ ಹೇಳುತ್ತಿದ್ದ, ಎಂದರು.

"ಹಂಗಾದ್ರ 'ಅಂತ' ಹಚ್ಚಬೇಕು ಅನ್ನು."

ಮಗಳು ಅದಕ್ಕೊಂದು ಇಂಗ್ಲಿಷ್ ಪದ ಹುಡುಕಿದಳು. 'ಸಪೋಸೆಡ್ಲಿ' ಎಂದು ನೋಡಿದಳು. ಅಲ್ಲ, ಅದರಲ್ಲಿ ಅನುಮಾನದ ವಾಸನೆ ಇದೆ. 'ದೇ ಸೇ' ಎಂದಳು, ಅದೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಅಜ್ಜಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು: ನಮ್ಮಲ್ಲಿ ಒಂದು ಪುಟ್ಟ ಪದ ಇದೆ, ವಾಕ್ಯದ ತುದಿಗೆ ಹಚ್ಚುವುದು. ನಾನು ನೋಡಿಲ್ಲ, ಆದರೆ ಕೇಳಿದ್ದೇನೆ, ಹೇಳಿದವರು ಸುಳ್ಳರು ಎಂದೂ ನಾನು ಹೇಳುತ್ತಿಲ್ಲ, ಅಷ್ಟೂ ಅದರಲ್ಲಿದೆ. ಇಂಗ್ಲಿಷಿನಲ್ಲಿ ಅದಿಲ್ಲ. ಅಂತೆ. ನನ್ನ ಮಗಳು ತಂದೆಯಿಂದ ಕಲಿತದ್ದು 'ಅಂತೆ'. ಅಜ್ಜಿ ನಾಲಿಗೆ ತಿರುಗಿಸಿ ಎರಡು ಮೂರು ಸಲ ಹೇಳಿ ನೋಡಿ, ಹಡಗುಗಳ ವಾಕ್ಯದ ಕೊನೆಗೆ ಐರಿಷ್ ರಾಗದಲ್ಲಿ 'ಅಂತೇ' ಎಂದು ಎಳೆದರು. ಅಪ್ಪ ಚಪ್ಪಾಳೆ ತಟ್ಟಿದರು.

ಆಮೇಲೆ ಅಜ್ಜಿ ನನ್ನ ಮಗಳನ್ನೇ ಕೇಳಿದರು: ನೀವು ಹೋದದ್ದು ಏನಾಯಿತು, ನಿನ್ನ ಅಜ್ಜನ ಗುಮ್ಮಟ ಅದಕ್ಕಿಂತ ದೊಡ್ಡದೋ ಅಲ್ಲವೋ?

ಅಪ್ಪ ಕುರ್ಚಿಯಲ್ಲಿ ಮುಂದೆ ಸರಿದು ಕೂತರು. ಇಷ್ಟು ವರ್ಷ ಕಾದ ವಾಕ್ಯವನ್ನು ಮೊಮ್ಮಗಳ ಬಾಯಲ್ಲಿ ಕೇಳುವ ಆಸೆ. ಮಗಳು ಅವರನ್ನು ನೋಡಿದಳು. ಹುಟ್ಟಿದ ಮೇಲೆ ಅವಳು ಬಿಜಾಪುರಕ್ಕೆ ಬಂದದ್ದು ಒಂದೇ ಸಲ, ಅದೂ ತೊಟ್ಟಿಲಿನ ವಯಸ್ಸಿನಲ್ಲಿ. ಗುಮ್ಮಟದ ಒಳಗೆ ಅವಳು ಕಾಲಿಟ್ಟಿಲ್ಲ. ಇಂಗ್ಲಿಷ್ ಬಿಟ್ಟು, ನಿಧಾನವಾಗಿ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು:

"ಅಜ್ಜನ ಗುಮ್ಮಟ... ಅದಕ್ಕಿಂತ... ದೊಡ್ಡದಂತೆ."

ಅಪ್ಪ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಬೇಜಾರಾಯಿತೇನೋ ಎಂದು ಮಗಳು ಹೆದರಿ ನನ್ನ ಕಡೆ ನೋಡಿದಳು. ಅಪ್ಪ ಅವಳ ಎರಡೂ ಕೈಗಳನ್ನು ಹಿಡಿದು ತಮ್ಮ ಹತ್ತಿರ ಎಳೆದುಕೊಂಡರು.

"ಖರೇ ಹೇಳಿದಿ. ನನ್ನ 'ಅಂತ' ಹೋತು, ನಿಂದು ಉಳೀತು. ಬ್ಯಾಸಗಿ ಸೂಟಿಗೆ ಬಾ, ನಿಮ್ಮವ್ವ ನಿಂದರತಿದ್ದ ಜಾಗದಾಗ ನಿನ್ನ ನಿಂದರಸ್ತೇನಿ."